ಕೌದಿ, ಕೈದಿ ಮತ್ತು 15 ಕಿಲೊ

‘ಕೈದಿಯೊಬ್ಬರನ್ನು ರೈಲಿನಲ್ಲಿ ಕರೆದೊಯ್ಯಲು ನ್ಯಾಯಾಲಯದ ಆದೇಶ ಹಾಗೂ ಪೊಲೀಸ್ ಬೆಂಗಾವಲು ಬೇಕಾಗುತ್ತದೆ. ಖಾಸಗಿ ವ್ಯಕ್ತಿಗಳಿಗೆ ಇದಕ್ಕೆ ಅವಕಾಶವಿಲ್ಲ. ದಯವಿಟ್ಟು ವಕೀಲರ ಸಲಹೆ ಪಡೆಯಿರಿ.’

ಏಪ್ರಿಲ್‌ನ ಒಂದು ರಾತ್ರಿ ಊಟ ಮುಗಿಸಿ, ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಮೊಬೈಲಿನ ಎಐಗೆ ನಾನು ಕೇಳಿದ್ದು ಇಷ್ಟೇ: ‘ನಮ್ಮವ್ವ ರೈಲಿನ್ಯಾಗ ಕೌದಿ ಒಯ್ಯೂಣು ಅಂತಾಳ. ಒಯ್ಯಬಹುದೇನು?’ ಬೆರಳಿನಿಂದ ಕನ್ನಡ ಒತ್ತುವ ತಾಳ್ಮೆ ನನಗಿಲ್ಲ, ಬಾಯಿಂದಲೇ ಹೇಳಿದ್ದೆ. ಮಾತು ಅಕ್ಷರವಾಗುವ ಹೊತ್ತಿಗೆ ಹೊದೆಯುವ ಕೌದಿ ಹೋಗಿ ಕೈದಿಯಾಗಿತ್ತು. ಮಗಳು ಉತ್ತರವನ್ನು ಗಟ್ಟಿಯಾಗಿ ಓದಿ, ದಿಂಬಿಗೆ ಮುಖ ಒತ್ತಿಕೊಂಡು ನಕ್ಕಳು. ‘ಏನಂತದು?’ ಎಂದು ಅವ್ವ ಕೇಳಿದಳು. ಹೇಳಿದೆವು. ಅವ್ವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ‘ಖರೇನ ಹೇಳೇತಿ ಬಿಡು. ಹನ್ನೆರಡು ದಿನ ನಿಮ್ಮ ಸಂಗಾಟ ಹೊಂಟೀನಿ ಅಂದ್ರ ನಾ ಕೈದಿನ ಅಲ್ಲೇನು?’

ಗಂಟು ಕಟ್ಟುವ ಕೆಲಸ ನನ್ನ ಪಾಲಿಗೆ ಬಂದದ್ದು ಇಪ್ಪತ್ತು ವರ್ಷದ ಸಂಸಾರದಲ್ಲಿ ಅದೇ ಮೊದಲು. ನನ್ನ ಹೆಂಡತಿ ಹೈಸ್ಕೂಲ್ ಶಿಕ್ಷಕಿ. ಏಪ್ರಿಲ್ ಬಂತೆಂದರೆ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವ ಕೆಲಸ. ಬೆಳಿಗ್ಗೆ ಹೋದವಳು ಸಂಜೆ ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದಳು. ‘ಈ ಸಲ ಪ್ಯಾಕಿಂಗ್ ನೀವ ಮಾಡ್ರಿ. ದಿನಾ ಅದರ ಜೋಡಿ ಮಾತಾಡ್ಕೋತ ಕೂಡ್ತೀರಲ್ಲ, ಅದನ್ನ ಕೇಳ್ರಿ’ ಎಂದಳು. ‘ಅದು’ ಅಂದರೆ ನನ್ನ ಮೊಬೈಲು. ಚುಚ್ಚಿದಳೋ, ನಿಜವಾಗಿಯೂ ಹೇಳಿದಳೋ ತಿಳಿಯಲಿಲ್ಲ. ಎರಡೂ ಇರಬಹುದು.

ಹೊರಟಿದ್ದು ಶಿಮ್ಲಾ, ಮನಾಲಿ ಕಡೆಗೆ. ಅವ್ವ, ನಾವಿಬ್ಬರು, ಪಿಯುಸಿ ಮುಗಿಸಿದ ಮಗಳು, ಎಂಟನೇ ಇಯತ್ತೆಗೆ ಹೋಗುವ ಮಗ: ಒಟ್ಟು ಐದು ಮಂದಿ. ಹೋಗುವುದು ಕರ್ನಾಟಕ ಸಂಪರ್ಕ ಕ್ರಾಂತಿ ರೈಲಿನಲ್ಲಿ, ಹುಬ್ಬಳ್ಳಿಯಿಂದ ದಿಲ್ಲಿಗೆ ಎರಡು ರಾತ್ರಿ, ನಡುವೆ ಒಂದು ಇಡೀ ಹಗಲು. ಬರುವುದು ವಿಮಾನದಲ್ಲಿ, ಬೆಂಗಳೂರು ಮಾರ್ಗವಾಗಿ. ಟಿಕೆಟ್ ತೆಗೆಯುವಾಗ ಇದು ಜಾಣತನ ಎನಿಸಿತ್ತು. ಗಂಟು ಕಟ್ಟಲು ಕೂತಾಗ ಎಡವಟ್ಟು ಕಂಡಿತು. ಥರ್ಡ್ ಎಸಿಯಲ್ಲಿ ಒಬ್ಬರಿಗೆ 40 ಕಿಲೊ ಸಾಮಾನು ಬಿಟ್ಟಿ ಒಯ್ಯಬಹುದು. ವಿಮಾನದ ಹೊಟ್ಟೆಗೆ ಹಾಕುವ ಚೀಲ ನಮ್ಮ ಟಿಕೆಟ್ಟಿನಲ್ಲಿ ತಲೆಗೆ 15 ಕಿಲೊ ಮಾತ್ರ. ಹೋಗುವಾಗ 200 ಕಿಲೊ, ಬರುವಾಗ 75. ಜೊತೆಗೆ, ಹುಬ್ಬಳ್ಳಿಯ ಮೇ ಬಿಸಿಲು, ದಿಲ್ಲಿಯ 40 ದಾಟುವ ಝಳ, ಮನಾಲಿಯ ರಾತ್ರಿಯ ಚಳಿ ಮೂರೂ ಒಂದೇ ಚೀಲದಲ್ಲಿ ಹಿಡಿಯಬೇಕು.

ಎಐಗೆ ಮೊದಲ ದಿನ ನಾನು ಹಾಕಿದ ಪ್ರಶ್ನೆ ಎಲ್ಲರೂ ಹಾಕುವಂಥದೇ: ಐದು ಜನರ ಕುಟುಂಬ, ಹನ್ನೆರಡು ದಿನ, ಹಿಮಾಚಲ, ಏನೇನು ಒಯ್ಯಬೇಕು? ಕಣ್ಣು ಪಿಳುಕಿಸುವುದರೊಳಗೆ ಪಟ್ಟಿ ಬಂತು. ಬಟ್ಟೆ, ದಾಖಲೆ, ಔಷಧ, ಎಲೆಕ್ಟ್ರಾನಿಕ್ಸ್, ಶೌಚ ಸಾಮಗ್ರಿ, ತಿನಿಸು ಎಂದು ಆರು ತಲೆಬರಹ. ತಿನಿಸಿನ ಕೆಳಗೆ ಗ್ರಾನೋಲಾ ಬಾರ್, ಒಣಹಣ್ಣು, ಬಿಸ್ಕಿಟ್ ಇದ್ದವು. ರೊಟ್ಟಿ ಇರಲಿಲ್ಲ. ಕುತ್ತಿಗೆಗೆ ಸುತ್ತುವ ದಿಂಬು ಇತ್ತು, ಕಣ್ಣಿಗೆ ಕಟ್ಟುವ ಪಟ್ಟಿ ಇತ್ತು, ಅವ್ವನ ಎಲೆ ಅಡಿಕೆಯ ಚಂಚಿ ಇರಲಿಲ್ಲ. ತಪ್ಪು ಪಟ್ಟಿ ಅನ್ನಲಾರೆ. ಯಾವ ಊರಿನ ಯಾವ ಮನೆಗಾದರೂ ಸಲ್ಲುವ ಪಟ್ಟಿ ಅದು, ಅದಕ್ಕೇ ನಮ್ಮ ಮನೆಗೆ ಸಲ್ಲದ ಪಟ್ಟಿಯೂ ಆಗಿತ್ತು.

ಇಂಥ ಮಾತುಗಾರ ಯಂತ್ರ ಜನಸಾಮಾನ್ಯರ ಕೈಗೆ ಬಂದು ಬಹಳ ಕಾಲವೇನೂ ಆಗಿಲ್ಲ. ಚಾಟ್‌ಜಿಪಿಟಿ ಹೊರಬಂದದ್ದು 2022ರ ನವೆಂಬರ್ 30ರಂದು. ಗೂಗಲ್‌ನ ಜೆಮಿನಿ ಆ್ಯಪ್ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗಳಲ್ಲಿ ಬಂದದ್ದು 2024ರ ಜೂನ್‌ನಲ್ಲಿ. ಅಷ್ಟರಲ್ಲೇ ನಮ್ಮ ಓಣಿಯಲ್ಲಿ ಮದುವೆ ಪತ್ರಿಕೆ ಬರೆಸುವವರು, ಸೊಸೈಟಿಗೆ ಅರ್ಜಿ ಬರೆಸುವವರು ಎಲ್ಲ ಅದರ ಮುಂದೆ ಕೂತಿದ್ದಾರೆ. ಅದು ಆಡುವುದು ಮಾತ್ರ ಪುಸ್ತಕದ ಕನ್ನಡ. ಧಾರವಾಡದಲ್ಲಿ ಐಐಟಿ, ಐಐಐಟಿ ಎರಡೂ ಇವೆ. ಅಲ್ಲಿನ ಹುಡುಗರು ಯಾರಾದರೂ ಮನಸ್ಸು ಮಾಡಿ ಇದಕ್ಕೆ ದಪಾಟಿ, ಹಿಂಡಿ, ಕೌದಿ, ಚಂಚಿ ಕಲಿಸಿದರೆ ಪುಣ್ಯ ಬರುತ್ತದೆ.

ಎತ್ತಿನದು ಮೊದಲು

ಆ ಪಟ್ಟಿಯನ್ನು ಅವ್ವನಿಗೆ ಓದಿ ಹೇಳಿದೆ. ಅವಳು ಸುಮ್ಮನೆ ಕೇಳಿದಳು. ಆಮೇಲೆ ‘ಇದರಾಗ ಯಾರದು ಯಾವುದು?’ ಅಂದಳು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವಳು ಉಳವಿ ಜಾತ್ರೆಯ ಮಾತು ತೆಗೆದಳು.

ಧಾರವಾಡ, ಬೆಳಗಾವಿ ಸೀಮೆಯ ರೈತರು ಭರತ ಹುಣ್ಣಿಮೆಗೆ ಉಳವಿ ಚನ್ನಬಸವಣ್ಣನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವುದು ಇವತ್ತಿಗೂ ಇದೆ. ಉಳವಿ ಇರುವುದು ಉತ್ತರ ಕನ್ನಡದ ಜೊಯಿಡಾ ತಾಲ್ಲೂಕಿನ ದಟ್ಟ ಕಾಡಿನಲ್ಲಿ. ದಾರಿಯಲ್ಲೇ ವಸ್ತಿ, ದಾರಿಯಲ್ಲೇ ಒಲೆ. ಅವ್ವ ಹುಡುಗಿಯಾಗಿದ್ದಾಗ ಅವಳ ತವರಿನವರೂ ಹೋಗುತ್ತಿದ್ದರು. ಹೊರಡುವ ಎಂಟು ದಿನ ಮೊದಲೇ ಮನೆಯಲ್ಲಿ ಗದ್ದಲ. ಅವ್ವನ ಅವ್ವ, ಅಂದರೆ ನಮ್ಮಜ್ಜಿಗೆ ಓದು ಬರಹ ಇರಲಿಲ್ಲ. ಹಾಗಾಗಿ ಪಟ್ಟಿಯೂ ಇರಲಿಲ್ಲ. ಆದರೆ ಒಂದು ಕ್ರಮ ಇತ್ತು. ಮೊದಲು ಎತ್ತಿನದು: ಕಣಕಿ, ಹೊಟ್ಟು, ಹಿಂಡಿ, ನೀರು ಕುಡಿಸುವ ಬಕೀಟು, ಮೈಮೇಲಿನ ಝೂಲ, ಹಗ್ಗ. ಆಮೇಲೆ ಚಕ್ಕಡಿಯದು: ಕೀಲೆಣ್ಣೆ, ಕಂದೀಲು. ಆಮೇಲೆ ಹುಡುಗರದು. ಆಮೇಲೆ ಹಿರಿಯರದು. ಜಾಗ ಉಳಿದರೆ ನಡುವಯಸ್ಸಿನವರದು. ‘ಎತ್ತು ಕೂತ್ರ ಜಾತ್ರಿ ಮುಗೀತು. ಅದಕ್ಕ ಅದರದು ಮೊದಲು’ ಎಂದಳು ಅವ್ವ.

ಎಐ ಸಾಮಾನಿನಿಂದ ಲೆಕ್ಕ ಶುರು ಮಾಡಿತ್ತು. ಅಜ್ಜಿ ಜೀವಗಳಿಂದ ಶುರು ಮಾಡುತ್ತಿದ್ದಳು. ವ್ಯತ್ಯಾಸ ಇಷ್ಟೇ ಎನಿಸಬಹುದು. ಆದರೆ ನನ್ನ ಹೆಂಡತಿ ಇಪ್ಪತ್ತು ವರ್ಷ ಗಂಟು ಕಟ್ಟಿದ್ದೂ ಅಜ್ಜಿಯ ಕ್ರಮದಲ್ಲೇ ಎಂಬುದು ಆಗ ಹೊಳೆಯಿತು. ಅವಳು ‘ಟವೆಲ್ ಐದು’ ಎಂದು ಎಣಿಸಿದವಳಲ್ಲ. ಮಗನಿಗೆ ಬಸ್ಸಿನ ತಿರುವಿನಲ್ಲಿ ವಾಂತಿ ಬರುತ್ತದೆ, ಮಗಳಿಗೆ ಬೇರೆ ಊರಿನ ಸೋಪು ಆಗಿಬರುವುದಿಲ್ಲ, ಅತ್ತೆಗೆ ರಾತ್ರಿ ಎದ್ದಾಗ ಬೆಳಕು ಬೇಕು ಎಂದು ಒಬ್ಬೊಬ್ಬರನ್ನೇ ಕಣ್ಣ ಮುಂದೆ ನಿಲ್ಲಿಸಿಕೊಂಡು ಕಟ್ಟಿದವಳು. ‘ಎಲ್ಲಾ ಹಾಕಿಯೇನು?’ ಎಂದು ಕೇಳಿ, ಚೀಲ ಎತ್ತಿ ಆಟೊದಲ್ಲಿ ಇಟ್ಟು, ದೊಡ್ಡ ಕೆಲಸ ಮಾಡಿದವನಂತೆ ಬೆವರು ಒರೆಸಿಕೊಂಡಿದ್ದೇ ನನ್ನ ಇಷ್ಟು ವರ್ಷದ ಪ್ಯಾಕಿಂಗ್.

ನೆನಪಿನ ಭಾರಕ್ಕೆ ಕಾಗದದ ಊರುಗೋಲು ಕೊಟ್ಟವರು ಪೈಲಟ್‌ಗಳು. 1935ರ ಅಕ್ಟೋಬರ್ 30ರಂದು ಅಮೆರಿಕದ ಒಹಾಯೊದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಕಂಪನಿಯ ಹೊಸ ವಿಮಾನ, ಮಾಡೆಲ್ 299, ಮೇಲೇರಿದ ಕೂಡಲೇ ನೆಲಕ್ಕೆ ಬಿತ್ತು. ಯಂತ್ರದಲ್ಲಿ ದೋಷವಿರಲಿಲ್ಲ. ನಿಂತ ವಿಮಾನದ ರೆಕ್ಕೆ, ಬಾಲದ ಹಲಗೆಗಳು ಗಾಳಿಗೆ ಅಲುಗದಂತೆ ಹಾಕಿದ್ದ ಬೀಗವನ್ನು ಹಾರುವ ಮುಂಚೆ ತೆಗೆಯಲು ಮರೆತಿದ್ದರು. ನಡೆಸುತ್ತಿದ್ದವರು ಕಲಿಯುವ ಹುಡುಗರಲ್ಲ, ಪಳಗಿದವರು. ನೆನಪಿಡಬೇಕಾದ್ದು ಒಬ್ಬರ ತಲೆ ಹಿಡಿಯುವುದಕ್ಕಿಂತ ಹೆಚ್ಚಾಗಿತ್ತು. ಆ ಮೇಲೆ ಪೈಲಟ್‌ಗಳು ಹಾರುವ ಮೊದಲು ನೋಡಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರು. ಅದೇ ವಿಮಾನ ಮುಂದೆ ಬಿ-17 ಎಂಬ ಹೆಸರಿನಲ್ಲಿ ಎರಡನೇ ಮಹಾಯುದ್ಧದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಹಾರಿತು. ನಮ್ಮ ಮನೆಗಳಲ್ಲಿ ಆ ಚೀಟಿ ಇನ್ನೂ ಹೆಂಗಸರ ತಲೆಯೊಳಗೇ ಇದೆ. ಏನಾದರೂ ಮರೆತರೆ ಬೈಸಿಕೊಳ್ಳುವವರೂ ಅವರೇ.

ಹಾಗಾಗಿ ಎರಡನೇ ದಿನ ಪ್ರಶ್ನೆ ತಿರುಗಿಸಿದೆ. ‘ಏನು ಒಯ್ಯಬೇಕು ಎಂದು ಹೇಳಬೇಡ. ನಮ್ಮ ಮನೆಯ ಒಬ್ಬೊಬ್ಬರ ಬಗ್ಗೆಯೂ ನನ್ನನ್ನು ಪ್ರಶ್ನೆ ಕೇಳು, ಆಮೇಲೆ ಪಟ್ಟಿ ಮಾಡು.’ ಈಗ ಆಟ ಬದಲಾಯಿತು. 74 ವರ್ಷದವರಿಗೆ ಯಾವ ಔಷಧ, ಯಾವ ಹೊತ್ತಿಗೆ? ಮೆಟ್ಟಿಲು ಹತ್ತುತ್ತಾರೆಯೇ? ರಾತ್ರಿ ಎಷ್ಟು ಸಲ ಏಳುತ್ತಾರೆ? ಹುಡುಗನಿಗೆ ಪ್ರಯಾಣದಲ್ಲಿ ವಾಂತಿ ಆಗುತ್ತದೆಯೇ? ಕನ್ನಡಕ ಯಾರಿಗಿದೆ? ಯಾರ ಯಾರ ಊಟ ಬೇರೆ? ಇಪ್ಪತ್ತೆರಡು ಪ್ರಶ್ನೆ. ಒಂಬತ್ತಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ. ನನ್ನ ಸ್ವಂತ ತಾಯಿ, ನನ್ನ ಸ್ವಂತ ಮಕ್ಕಳು! ಅಡುಗೆ ಮನೆಯ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಕೇಳಿ ಕೇಳಿ ಬರೆದುಕೊಂಡೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತ, ತಿರುಗಿ ನೋಡದೆ ಒಂಬತ್ತಕ್ಕೂ ಉತ್ತರ ಹೇಳಿದಳು.

ಇದರಿಂದ ಬಂದ ಪಟ್ಟಿ ನಿಜವಾಗಿಯೂ ಕೆಲಸಕ್ಕೆ ಬಂತು. ಅವ್ವನಿಗೆ ಇನ್ಸುಲಿನ್ ಇದೆ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಬಳಸುತ್ತಿರುವುದನ್ನು ತಂಪಾದ ಕೋಣೆಯಲ್ಲಿ ಸಾಮಾನ್ಯವಾಗಿ 28 ದಿನ ಇಡಬಹುದು, ಹೆಪ್ಪುಗಟ್ಟಿದರೆ ಬಿಸಾಡಬೇಕು, ವಿಮಾನದಲ್ಲಿ ಕೆಳಗಿನ ಸಾಮಾನಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಡಾಕ್ಟರರ ಚೀಟಿ ಜೊತೆಗಿರಬೇಕು ಎಂದು ಬಿಡಿಸಿ ಹೇಳಿತು. ನಮ್ಮ ಡಾಕ್ಟರರನ್ನೂ ಕೇಳಿ ಖಾತ್ರಿ ಮಾಡಿಕೊಂಡೆ. ಔಷಧದ ವಿಷಯದಲ್ಲಿ ಮೊಬೈಲಿನ ಮಾತೇ ಕೊನೆಯ ಮಾತಾಗಬಾರದು. ಗುಳಿಗೆಗಳನ್ನು ಎರಡು ಪಾಲು ಮಾಡಿ ಎರಡು ಚೀಲದಲ್ಲಿ ಇಡಿ, ಒಂದು ಕಳೆದರೆ ಇನ್ನೊಂದು ಇರುತ್ತದೆ ಎಂದದ್ದೂ ಒಳ್ಳೆಯ ಮಾತು. ಒಬ್ಬರ ಬಟ್ಟೆಯೆಲ್ಲ ಒಂದೇ ಚೀಲದಲ್ಲಿ ಹಾಕಬೇಡಿ, ಪ್ರತಿ ಚೀಲದಲ್ಲೂ ಎಲ್ಲರದೂ ಒಂದೊಂದು ಜೊತೆ ಇರಲಿ ಎಂದಿತು. ಇದನ್ನು ನನ್ನ ಹೆಂಡತಿಯೂ ಮೆಚ್ಚಿದಳು. ಅವಳ ಬಾಯಲ್ಲಿ ‘ಹ್ಞೂಂ’ ಬರುವುದೇ ದೊಡ್ಡದು.

ಕಾಲ್ಕಾದಿಂದ ಶಿಮ್ಲಾಕ್ಕೆ ಹೋಗುವ ಪುಟ್ಟ ರೈಲಿನ ವಿಷಯ ಕೇಳಿದಾಗಲೂ ಅದು ಉಪಕಾರ ಮಾಡಿತು. 1903ರಲ್ಲಿ ಶುರುವಾದ, 96 ಕಿಲೊಮೀಟರಿನಲ್ಲಿ 102 ಸುರಂಗ ದಾಟುವ ಆ ಗಾಡಿಯ ಡಬ್ಬಿಗಳು ಬಹಳ ಸಣ್ಣವು. ದೊಡ್ಡ ಸೂಟ್‌ಕೇಸ್ ಇಡಲು ಜಾಗ ಸಿಗುವುದು ಕಷ್ಟ. ಮದುವೆಯಲ್ಲಿ ಬೀಗರು ಕೊಟ್ಟ ನಮ್ಮ ಎರಡು ದೈತ್ಯ ಸೂಟ್‌ಕೇಸುಗಳು ಅಟ್ಟದ ಮೇಲೆಯೇ ಉಳಿದವು. ಖಾಲಿ ಇದ್ದಾಗಲೇ ಒಂದೊಂದೂ ನಾಲ್ಕೂವರೆ ಕಿಲೊ ತೂಗುತ್ತಿದ್ದವು. ಅಂದರೆ ವಿಮಾನದ 15 ಕಿಲೊದಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಬರೀ ಪೆಟ್ಟಿಗೆಗೇ ಹೋಗುತ್ತಿತ್ತು.

ಕೇಳದಿದ್ದರೆ ಹೇಳದು

ಎಐಗೆ ತಿಳಿಯದ ಸಂಗತಿಗಳೂ ಇದ್ದವು. ತಿಳಿದಿದ್ದರೂ ನಾನು ಕೇಳದ್ದರಿಂದ ಹೇಳದೆ ಉಳಿದವೂ ಇದ್ದವು.

ಸ್ವೆಟರ್ ಕೊಳ್ಳಿ ಎಂದಿತು. ಏಪ್ರಿಲ್ ಕೊನೆಯ ವಾರ ಹುಬ್ಬಳ್ಳಿಯಲ್ಲಿ ಸ್ವೆಟರ್ ಹುಡುಕಿ ನೋಡಿ! ಚಳಿಗಾಲದಲ್ಲಿ ಟಿಬೆಟಿಯನ್ನರು ಬಂದು ರಾಶಿ ಹಾಕಿ ಕೂತಿರುತ್ತಾರೆ, ಬೇಸಿಗೆಗೆ ಅವರಿಲ್ಲ. ದುರ್ಗದ ಬೈಲಿನಲ್ಲಿ ಕೇಳಿದರೆ ಅಂಗಡಿಯವ ನನ್ನ ಮುಖ ನೋಡಿ ‘ಜ್ವರ ಬಂದಾವೇನ್ರಿ?’ ಅಂದ. ಕೊಪ್ಪಿಕರ್ ರಸ್ತೆಯಲ್ಲೂ ಅದೇ ಕಥೆ. ಕೊನೆಗೆ ಒಂದು ಭಾನುವಾರ ಮುಂಡಗೋಡಕ್ಕೆ ಹೋದೆವು. 1966ರಿಂದ ಅಲ್ಲಿ ಟಿಬೆಟಿಯನ್ನರ ಕಾಲೊನಿ ಇದೆ, ನಮ್ಮಿಂದ ಒಂದೂವರೆ ತಾಸಿನ ದಾರಿ. ಮೂರು ಸ್ವೆಟರ್, ಅವ್ವನಿಗೆ ಒಂದು ಉಣ್ಣೆಯ ಟೊಪ್ಪಿಗೆ ಸಿಕ್ಕವು. ಹುಡುಗರು ಮೊಮೊ ತಿಂದರು. ಅವ್ವ ತಿನ್ನಲಿಲ್ಲ, ‘ಕಡಬು ಇದ್ದಂಗ ಅದ, ಒಳಗೇನದ ಯಾರಿಗೆ ಗೊತ್ತು’ ಎಂದಳು.

ಹಿಮದಲ್ಲಿ ಆಡಲು ದಪ್ಪ ಕೋಟು, ಬೂಟು ಬೇಕು ಎಂದೂ ಪಟ್ಟಿಯಲ್ಲಿತ್ತು. ಐದು ಜನರಿಗೆ ಕೊಂಡರೆ ಒಂದು ತಿಂಗಳ ಮನೆ ಖರ್ಚು ಹೋಗುತ್ತಿತ್ತು. ಹಿಂದಿನ ವರ್ಷ ಹೋಗಿಬಂದಿದ್ದ ಎದುರು ಮನೆಯ ಮಾಸ್ತರರು ನಕ್ಕರು. ‘ಅಯ್ಯ, ಮನಾಲಿಯಿಂದ ಮ್ಯಾಲೆ ಹೋಗೂ ದಾರಿಯೊಳಗ ಸಾಲಿಗೆ ಅಂಗಡಿ ಅದಾವ್ರಿ. ಕೋಟು, ಬೂಟು ಎಲ್ಲಾ ದಿನದ ಬಾಡಿಗಿಗೆ ಕೊಡ್ತಾರ.’ ಮನೆಗೆ ಬಂದು ಎಐಗೆ ಹೇಳಿದೆ. ‘ಹೌದು, ಬಾಡಿಗೆಗೆ ಪಡೆಯುವುದು ಉತ್ತಮ ಆಯ್ಕೆ’ ಎಂದು ತಕ್ಷಣ ಒಪ್ಪಿತು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ ಕ್ಷಮೆ ಕೇಳಿತು. ಅದರ ವಿನಯ ದೊಡ್ಡದು. ಆದರೆ ವಿನಯ ಬೇರೆ, ಮುಂದಾಲೋಚನೆ ಬೇರೆ.

ಇನ್ನೊಂದು, ಇದನ್ನು ಹುಬ್ಬಳ್ಳಿಯವರೇ ಹೇಳಬೇಕು. ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದನೆಯದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದಾಗ ನಾವೆಲ್ಲ ಎದೆಯುಬ್ಬಿಸಿದ್ದೆವು. ಎದೆ ಉಬ್ಬಿಸುವುದು ಸುಲಭ, ಕೈಯಲ್ಲಿ ಚೀಲ ಹಿಡಿದು ನಡೆಯುವುದು ಬೇರೆ. ನಿಮ್ಮ ಡಬ್ಬಿ ಯಾವ ತುದಿಯಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಚೀಲದ ತೂಕ ನಿಶ್ಚಯವಾಗಬೇಕು. ಎತ್ತಿ ನೋಡಿ ‘ಹಗುರ ಅದ’ ಎಂದದ್ದೆಲ್ಲ ನೂರು ಹೆಜ್ಜೆಗೆ ಭಾರವಾಗುತ್ತದೆ. ನಾನು ಒಂದು ಉಪಾಯ ಮಾಡಿದೆ. ತುಂಬಿದ ಚೀಲ ಹಿಡಿದು ನಮ್ಮ ಓಣಿಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದೆ. ಓಣಿಯವರು ನಾನು ಮನೆ ಬಿಟ್ಟು ಹೋಗುತ್ತಿದ್ದೇನೆಂದು ತಿಳಿದರು. ಮರಳಿ ಬಂದು ಎರಡು ಪ್ಯಾಂಟು, ಒಂದು ದಪ್ಪ ಪುಸ್ತಕ ಹೊರಗೆ ತೆಗೆದೆ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟಿಕೆಟ್ಟಿನ ಫೋಟೊ, ಆಧಾರ್ ಸಂಖ್ಯೆ, ಮನೆಯ ವಿಳಾಸ ಇವನ್ನೆಲ್ಲ ಎಐಗೆ ಕೊಡಬೇಕಾಗಿಲ್ಲ. ಪಟ್ಟಿ ಮಾಡಲು ಊರು, ದಿನ, ವಯಸ್ಸು, ಹವೆ ಗೊತ್ತಿದ್ದರೆ ಸಾಕು. ಸಾಮಾನಿನ ತೂಕದ ನಿಯಮವನ್ನು ಅದರ ಬಾಯಿಂದ ಕೇಳಿದರೂ ನಿಮ್ಮ ಟಿಕೆಟ್ಟಿನ ಮೇಲೆ ಬರೆದದ್ದನ್ನೇ ನಂಬಿ.

ರೊಟ್ಟಿಯ ಲೆಕ್ಕ

ರೊಟ್ಟಿಯ ವಿಷಯದಲ್ಲಿ ಅವ್ವನದೇ ಆಡಳಿತ. ಅವಳು ಖಡಕ್ ರೊಟ್ಟಿ ಅರವತ್ತು ಎಂದಳು. ನಾನು ಅರವತ್ತು ಯಾಕೆ ಎಂದು ಮೊಬೈಲ್ ಹಿಡಿದೆ. ಅವ್ವ ಬೆರಳು ಮಡಚುತ್ತ ಲೆಕ್ಕ ಕೊಟ್ಟಳು: ರೈಲಿನಲ್ಲಿ ಇಷ್ಟು ಹೊತ್ತು, ಹೋಟೆಲಿನ ಊಟ ಬೇಸರವಾದಾಗ ಇಷ್ಟು, ಮುರಿದು ಚೂರಾಗುವುದು ಇಷ್ಟು, ಎದುರಿನ ಸೀಟಿನವರಿಗೆ ಕೊಡುವುದು ಇಷ್ಟು. ಕೊನೆಯದನ್ನು ಯಾವ ಯಂತ್ರವೂ ಲೆಕ್ಕ ಹಿಡಿಯದು. ನಮ್ಮ ಕಡೆಯ ರೈಲು ಪ್ರಯಾಣದಲ್ಲಿ ಡಬ್ಬಿ ಬಿಚ್ಚಿದ ಮೇಲೆ ಎದುರಿನವರ ಕೈಗೆ ಎರಡು ರೊಟ್ಟಿ, ಮೇಲೊಂದಿಷ್ಟು ಶೇಂಗಾ ಹಿಂಡಿ ಇಡದೆ ಊಟ ಇಳಿಯುವುದಿಲ್ಲ.

ಖಡಕ್ ರೊಟ್ಟಿಗೆ ತೇವ ತಾಗದಿದ್ದರೆ ತಿಂಗಳಾದರೂ ಕೆಡುವುದಿಲ್ಲ. ಅದರ ವೈರಿ ಎರಡೇ, ಗಾಳಿಯ ತೇವ ಮತ್ತು ಮೇಲೆ ಬೀಳುವ ಭಾರ. ಅಗಲ ಬಾಯಿಯ ಸ್ಟೀಲ್ ಡಬ್ಬಿಯಲ್ಲಿ ಕೆಳಗೆ ಬಟ್ಟೆ ಹಾಸಿ ಜೋಡಿಸಿ, ಮೇಲೂ ಬಟ್ಟೆ ಹೊದಿಸಿ, ಮುಚ್ಚಳ ಬಿಗಿಯಾಗಿ ಒತ್ತಿ ಇಡಬೇಕು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಮೂರು ಬೇರೆ ಬೇರೆ ಡಬ್ಬಿ. ಶೇಂಗಾ ಹೋಳಿಗೆ ಇಪ್ಪತ್ತು. ಮೊದಲ ರಾತ್ರಿಗೆ ಮಾತ್ರ ದಪಾಟಿ, ಗಟ್ಟಿ ಮೊಸರು. ಕೆಂಪು ಹಿಂಡಿ ಬಾಟಲಿಗೆ ಪ್ಲಾಸ್ಟಿಕ್ ಸುತ್ತಿ, ದಾರ ಕಟ್ಟಿ, ಮತ್ತೆ ಚೀಲದಲ್ಲಿ ಹಾಕಿ ಗಂಟು. ದಿಲ್ಲಿಯ ಅಕ್ಕನಿಗೆಂದು ಲೈನ್ ಬಜಾರಿನಿಂದ ತಂದ ಧಾರವಾಡ ಪೇಡೆ ಒಂದು ಕಿಲೊ.

ಇದನ್ನೆಲ್ಲ ಎಐಗೆ ಹೇಳಿದಾಗ ಅದು ಒಂದು ಮಾತು ಹೇಳಿತು, ಅದನ್ನು ಮೆಚ್ಚಬೇಕು: ತಿನಿಸನ್ನೆಲ್ಲ ಒಂದೇ ಚೀಲದಲ್ಲಿ ಹಾಕಿ, ಅದು ಖಾಲಿಯಾಗುತ್ತ ಬರುತ್ತದೆ, ಬರುವಾಗ ಆ ಚೀಲವನ್ನೇ ಮಡಚಿ ಇನ್ನೊಂದರೊಳಗೆ ಇಡಬಹುದು. ಹೋಗುವಾಗಿನ 200, ಬರುವಾಗಿನ 75ರ ಲೆಕ್ಕಕ್ಕೆ ಇದೇ ಬೀಗದ ಕೈ. ಹೊಟ್ಟೆಗೆ ಹೋಗುವ ಸಾಮಾನು ಎಷ್ಟಾದರೂ ಇರಲಿ, ಮೈಗೆ ಹಾಕುವುದು ಕಡಿಮೆ ಇರಲಿ. ಓಣಿಯ ಕಿರಾಣಿ ಅಂಗಡಿಯ ಕಾಟಾದ ಮೇಲೆ ಎಲ್ಲವನ್ನೂ ಇಟ್ಟು ತೂಗಿದೆ. ಬುತ್ತಿಯ ಚೀಲ 14 ಕಿಲೊ. ಉಳಿದ ಆರು ಚೀಲ ಸೇರಿ 66. ಅದರಲ್ಲಿ ಕೌದಿಯದೇ 2 ಕಿಲೊ 800 ಗ್ರಾಂ.

ಕೌದಿಯ ವಿಷಯ ಇನ್ನೂ ಇತ್ಯರ್ಥವಾಗಿರಲಿಲ್ಲ. ಥರ್ಡ್ ಎಸಿಯಲ್ಲಿ ಹಾಸಿಗೆ, ಹೊದಿಕೆ ರೈಲಿನವರೇ ಕೊಡುತ್ತಾರೆ, ಹೋಟೆಲಿನಲ್ಲಿ ರಜಾಯಿ ಇರುತ್ತದೆ, ಆದ್ದರಿಂದ ಬೇಡ ಎಂದು ಎಐ ತೀರ್ಪು ಕೊಟ್ಟಿತ್ತು. ಈ ಸಲ ‘ಹಳೆಯ ಸೀರೆಗಳ ಹೊದಿಕೆ’ ಎಂದು ಬಿಡಿಸಿ ಹೇಳಿದ್ದೆ, ಕೈದಿಯ ಗೊಂದಲ ಇರಲಿಲ್ಲ. ತೀರ್ಪು ಸರಿಯೇ. ಆದರೆ ಆ ಕೌದಿಯಲ್ಲಿ ಇರುವುದು ನಮ್ಮಪ್ಪನ ಅವ್ವನ ಎರಡು ಇಳಕಲ್ ಸೀರೆ, ಅಪ್ಪನ ಒಂದು ಧೋತರ. ಊರೂರು ತಿರುಗಿ ಕೌದಿ ಹೊಲಿಯುತ್ತಿದ್ದ ಗೊಂದಲಿಗರ ಹೆಣ್ಣುಮಗಳೊಬ್ಬಳು ಹೊಲಿದದ್ದು. ಅವ್ವ ವಾದ ಮಾಡಲಿಲ್ಲ. ‘ಆತು, ಅದನ್ನ ಬಿಡೂಣು’ ಎಂದಳು. ಹೊರಡುವ ದಿನ ನೋಡಿದರೆ ಅದು ಹೆಗಲ ಚೀಲದಲ್ಲಿ ಅಡಗಿ ಕೂತಿತ್ತು. ನನ್ನ ಹೆಂಡತಿಯೇ ಹಾಕಿದ್ದಳು. ಅವಳ ಪಟ್ಟಿ ಅದು, ನಾನು ಕೇಳಲಿಲ್ಲ.

ಪ್ರವಾಸದ ಕಥೆ ಇಲ್ಲಿ ಬೇಡ. ಎಲ್ಲರೂ ನೋಡಿದ ಹಿಮವನ್ನೇ ನಾವೂ ನೋಡಿದೆವು, 9 ಕಿಲೊಮೀಟರಿನ ಅಟಲ್ ಸುರಂಗದೊಳಗೆ ಎಲ್ಲರಂತೆ ಕೂಗಿದೆವು. ಪ್ಯಾಕಿಂಗಿನ ವರದಿ ಮಾತ್ರ ಕೊಡುತ್ತೇನೆ. ಒಯ್ದು ಬಳಸದೆ ತಂದದ್ದು: ನನ್ನ ನಾಲ್ಕು ಅಂಗಿ, ಛತ್ರಿ ಎರಡು, ಮಗಳ ಒಂದು ಜೊತೆ ಚಪ್ಪಲಿ, ಕುತ್ತಿಗೆ ದಿಂಬು. ಮರೆತದ್ದು: ಉಗುರು ಕತ್ತರಿ ಮತ್ತು ನನ್ನ ಓದುವ ಕನ್ನಡಕ. ‘ಕನ್ನಡಕ ಯಾರಿಗಿದೆ?’ ಎಂದು ಕೇಳಿದ್ದಕ್ಕೆ ಅವ್ವನ ಹೆಸರು ಮಾತ್ರ ಹೇಳಿದ್ದೆ. ನಡುವಯಸ್ಸಿನವರದು ಕೊನೆಗೆ ಎಂಬ ಅಜ್ಜಿಯ ನಿಯಮ ಅಲ್ಲಿಯೂ ನಡೆಯಿತು. ಮನಾಲಿಯಲ್ಲಿ ಎರಡನೇ ರಾತ್ರಿ ಕರೆಂಟು ಹೋಗಿ ಹೀಟರ್ ನಿಂತಾಗ ಕೌದಿಯೊಳಗೆ ಮಲಗಿದ್ದು ಅವ್ವ ಅಲ್ಲ, ಮಗ.

ಉಡಿ

ಬರುವಾಗ ದಿಲ್ಲಿಯಲ್ಲಿ ಒಂದು ರಾತ್ರಿ ಅಕ್ಕನ ಮನೆ. ದೊಡ್ಡಪ್ಪನ ಮಗಳು, ಧಾರವಾಡದಲ್ಲಿ ಬೆಳೆದವಳು, ಮೂವತ್ತು ವರ್ಷದಿಂದ ದಿಲ್ಲಿಯಲ್ಲಿದ್ದಾಳೆ. ಅಲ್ಲಿ ಮತ್ತೆ ಕಾಟಾ ಹಿಡಿದು ಕೂತೆವು. ಬುತ್ತಿಯ ಚೀಲ ಖಾಲಿಯಾಗಿ ಮಡಚಿ ಒಳಗೆ ಹೋಗಿತ್ತು. ಆದರೂ ಶಿಮ್ಲಾದ ಶಾಲು, ಅಕ್ರೋಡ, ಸೇಬಿನ ಜಾಮು ಎಂದು ಸೇರಿ 77 ಕಿಲೊ ಆಗಿತ್ತು. ಎರಡು ಕಿಲೊ ಹೆಚ್ಚು. ಯಾವುದನ್ನು ತೆಗೆಯುವುದು ಎಂದು ನಾನು ಮೊಬೈಲ್ ತೆಗೆಯುವಷ್ಟರಲ್ಲಿ ಅವ್ವನೇ ಕೌದಿ ಎಳೆದು ಅಕ್ಕನ ಮಂಚದ ಮೇಲೆ ಹಾಕಿದಳು. ‘ಇದು ನಿಮ್ಮಜ್ಜಿ ಸೀರಿದೂ ಹೌದವ್ವಾ. ಇಲ್ಲೆ ಇರಲಿ. ಚಳಿಗಾಲಕ್ಕ ಇಲ್ಲಿ ಥಂಡಿ ಭಾಳ.’ ಅಕ್ಕ ಏನೂ ಹೇಳದೆ ಅದನ್ನು ಮಡಚಿ ಒಳಗಿಟ್ಟಳು. ಲೆಕ್ಕ 74 ಕಿಲೊ 200 ಗ್ರಾಮಿಗೆ ಬಂತು. ನಾನು ಗೆದ್ದವನಂತೆ ಚೀಲದ ಜಿಪ್ ಎಳೆದೆ.

ಬೆಳಿಗ್ಗೆ ಹೊರಡುವಾಗ ಅಕ್ಕ ನನ್ನ ಹೆಂಡತಿಯ ಉಡಿ ತುಂಬಿದಳು. ಮನೆಗೆ ಬಂದ ತವರಿನ ಕಡೆಯ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಬಾರದು, ಅದು ದಿಲ್ಲಿಯಾದರೂ ಸರಿ. ಅಕ್ಕಿ, ಎಲೆ, ಅಡಿಕೆ, ಅರಿಶಿಣ ಬೇರು, ಉತ್ತತ್ತಿ, ಕುಪ್ಪಸದ ಖಣ, ಎರಡು ಕೊಬ್ಬರಿ ಬಟ್ಟಲು. ಹೆಂಡತಿ ಅದನ್ನು ಹಾಗೆಯೇ ಗಂಟು ಕಟ್ಟಿ, ನಾನು ನೋಡುವ ಮೊದಲೇ ದೊಡ್ಡ ಚೀಲದಲ್ಲಿ ಇಟ್ಟಳು. ತೂಕ ಇನ್ನೂ 75ರೊಳಗೇ ಇತ್ತು.

ವಿಮಾನ ನಿಲ್ದಾಣದಲ್ಲಿ ಆ ಚೀಲವನ್ನು ಪಕ್ಕಕ್ಕೆ ಎಳೆದರು. ನಮ್ಮನ್ನು ಕರೆದರು. ನನಗೆ ಪವರ್ ಬ್ಯಾಂಕ್ ಇರಬಹುದು ಎಂಬ ಗಾಬರಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು ಎಂದು ಎಐ ಮೂರು ಸಲ ಹೇಳಿತ್ತು, ಹಾಗೇ ಇಟ್ಟಿದ್ದೆ. ಅಲ್ಲಿದ್ದ ಹುಡುಗ ಉಡಿಯ ಗಂಟು ಬಿಚ್ಚಿ, ಕೊಬ್ಬರಿ ಬಟ್ಟಲು ಎತ್ತಿ ತೋರಿಸಿದ. ‘ಸೂಖಾ ನಾರಿಯಲ್ ನಹೀಂ ಜಾಯೇಗಾ.’ ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು. ತಾನಾಗಿ ಕಾವೇರಿ ಬೆಂಕಿ ಹಿಡಿಯಬಲ್ಲ ವಸ್ತು ಎಂದು ವಿಮಾನಯಾನದ ನಿಯಮದಲ್ಲಿ ಅದರ ಲೆಕ್ಕ. ಕೆಳಗಿನ ಸಾಮಾನಿಗೂ ಇಲ್ಲ, ಕೈಚೀಲಕ್ಕೂ ಇಲ್ಲ. ಶಬರಿಮಲೆಯ ಯಾತ್ರಿಕರಿಗೆ ಮಾತ್ರ 2024ರ ಕೊನೆಯಲ್ಲಿ, ಆ ಋತುವಿನ ಮಟ್ಟಿಗೆ, ಇರುಮುಡಿಯ ತೆಂಗಿನಕಾಯನ್ನು ವಿಮಾನದೊಳಗೆ ಒಯ್ಯಲು ಬಿಟ್ಟಿದ್ದರು. ಉಡಿಗೆ ಅಂಥ ರಿಯಾಯಿತಿ ಯಾರೂ ಕೇಳಿದಂತಿಲ್ಲ.

ಹುಡುಗ ಕಸದ ಡಬ್ಬಿ ತೋರಿಸಿದ. ಅವ್ವ ಅವನ ಕೈಯಿಂದ ಬಟ್ಟಲು ಇಸಿದುಕೊಂಡಳು. ‘ಉಡ್ಯಾಗಿಂದು ಕಸಕ್ಕ ಹಾಕ್ತಾರೇನು?’ ಅಂದಳು, ಕನ್ನಡದಲ್ಲೇ. ಚೀಲದ ಗಾಲಿಯ ಅಂಚಿಗೆ ಒಂದೆರಡು ಸಲ ಕುಟ್ಟಿ ಚೂರು ಮಾಡಿದಳು. ನಮಗೆಲ್ಲ ಒಂದೊಂದು ಚೂರು, ಸಾಲಿನಲ್ಲಿ ನಿಂತಿದ್ದ ಒಂದು ಹುಡುಗಿಗೆ ಒಂದು, ಆ ಹುಡುಗನಿಗೂ ಒಂದು. ಅವನು ಅತ್ತಿತ್ತ ನೋಡಿ ಬಾಯಿಗೆ ಹಾಕಿಕೊಂಡ.

ಮನೆಗೆ ಬಂದ ಮೇಲೆ ಪಟ್ಟಿಯನ್ನು ಕಾಗದದ ಮೇಲೆ ಇಳಿಸಿ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ, ಸಾಮಾನಿನ ಪ್ರಕಾರ ಅಲ್ಲ, ಜನರ ಪ್ರಕಾರ. ಐದು ಹೆಸರು, ಐದು ಕಾಲಂ. ಹೆಂಡತಿಯ ಕಾಲಂ ಬಹಳ ದಿನ ಖಾಲಿ ಇತ್ತು, ಮೊನ್ನೆ ಮಗಳು ಅದರಲ್ಲಿ ಒಂದು ಸಾಲು ಬರೆದಿದ್ದಾಳೆ: ‘ಅವ್ವಗ ಕಿಡಕಿ ಸೀಟು.’

ಕೊನೆಗೆ ಒಂದು ವಿನಂತಿ. ವಿಮಾನದಲ್ಲಿ ಊರಿಗೆ ಮರಳುವ ನಾದಿನಿ, ತಂಗಿಯರ ಉಡಿ ತುಂಬುವ ಅಕ್ಕಂದಿರೇ, ಕೊಬ್ಬರಿ ಬಟ್ಟಲು ನಿಮ್ಮಲ್ಲೇ ಇರಲಿ, ಅದರ ಬದಲಿಗೆ ಉತ್ತತ್ತಿ ಎರಡು ಹೆಚ್ಚು ಹಾಕಿರಿ.